ಫೋನ್ ಇಡುವ ಗಳಿಗೆ: ಒಂದು ಕರೆ ಪ್ರೋಟೋಕಾಲ್‌ನ ದುರಸ್ತಿ ದಾಖಲೆ

ಬಾಗಿಲ ಬಳಿಯ ಇಂಟರ್‌ಕಾಮ್ ಪೆಟ್ಟಿಗೆ ಮತ್ತೆ ಸಿಕ್ಕಿಹಾಕಿಕೊಂಡಿತ್ತು. ಮೇಜಿನ ಮೇಲಿನ ಎರಡು ಫೋನ್‌ಗಳಲ್ಲಿ ಯಾವುದರಿಂದ ಕರೆದರೂ ಎಂಗೇಜ್ ಸದ್ದು. ಹೋಗಿ ನೋಡಿದರೆ ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಿದೆ. ಅಂದರೆ ಅದರ ಲೆಕ್ಕದಲ್ಲಿ ಕರೆ ನಡೆಯುತ್ತಲೇ ಇದೆ. ಆದರೆ ಎರಡೂ ಫೋನ್‌ಗಳ ರಿಸೀವರ್ ಇಟ್ಟಲ್ಲೇ ಇವೆ. ವಿದ್ಯುತ್ ತೆಗೆದು ಹಾಕಿದೆ, ಸರಿಹೋಯಿತು. ಇದು ನಾಲ್ಕನೆಯ ಸಲ. ಹಿಂದಿನ ಮೂರು ಸಲ ಅಷ್ಟಕ್ಕೇ ಬಿಟ್ಟಿದ್ದೆ. ಈ ಸಲ ಬಿಡಲು ಮನಸ್ಸು ಒಪ್ಪಲಿಲ್ಲ. ಮೂರೂ ಸಾಧನಗಳ ಒಳಗಿನ ಪ್ರೋಗ್ರಾಂ ನಾನೇ ಬರೆದದ್ದು. ತಪ್ಪು ಎಲ್ಲೋ ನನ್ನ ಸಾಲುಗಳಲ್ಲೇ ಇದೆ.

ವ್ಯವಸ್ಥೆ ಚಿಕ್ಕದು. ಎರಡು ಮೇಜಿನ ಫೋನ್, ಒಂದು ಬಾಗಿಲ ಪೆಟ್ಟಿಗೆ. ಪೆಟ್ಟಿಗೆಗೆ ರಿಸೀವರ್ ಇಲ್ಲ. ಕರೆ ಬಂದರೆ ಎರಡು ಸಲ ರಿಂಗ್ ಆಗಿ ತಾನೇ ಎತ್ತಿಕೊಳ್ಳುತ್ತದೆ, ಎದುರಿನವರು ಫೋನ್ ಇಟ್ಟಾಗ ತಾನೂ ಇಡುತ್ತದೆ. ಸಾಧನಗಳು ಮಧ್ಯೆ ಯಾವ ಎಕ್ಸ್‌ಚೇಂಜೂ ಇಲ್ಲದೆ ಒಂದಕ್ಕೊಂದು ನೇರವಾಗಿ ಸಂದೇಶ ಕಳುಹಿಸುತ್ತವೆ. ಸಂದೇಶಗಳು ಆರು: ‘ಕರೆ’, ‘ರಿಂಗ್’, ‘ಎತ್ತಿದೆ’, ‘ಎಂಗೇಜ್’, ‘ರದ್ದು’, ‘ಮುಗಿಯಿತು’. ಪ್ರತಿ ಸಾಧನ ನಾಲ್ಕು ಸ್ಥಿತಿಗಳಲ್ಲಿ ಒಂದರಲ್ಲಿರುತ್ತದೆ: ಖಾಲಿ, ಕರೆಯುತ್ತಿದೆ, ರಿಂಗ್ ಆಗುತ್ತಿದೆ, ಮಾತು. ಎದುರಿನವರು ಎತ್ತುವ ಮೊದಲೇ ಕರೆದವರು ಇಟ್ಟರೆ ‘ರದ್ದು’ ಹೋಗುತ್ತದೆ. ಮಾತಿನ ನಡುವೆ ಇಟ್ಟರೆ ‘ಮುಗಿಯಿತು’ ಹೋಗುತ್ತದೆ. ಎರಡೂ ಸಂದರ್ಭಗಳಲ್ಲಿ ಕಳುಹಿಸಿದ ಸಾಧನ ತಕ್ಷಣ ಖಾಲಿ ಸ್ಥಿತಿಗೆ ಮರಳುತ್ತದೆ. ಸಾಧನಗಳ ಮಾತುಕತೆಯ ಈ ನಿಯಮಗಳೇ ಪ್ರೋಟೋಕಾಲ್, ಕಾಗದದ ಮೇಲೆ ಬರೆದರೆ ಒಂದು ಪುಟವೂ ಆಗದು.

ಪರೀಕ್ಷೆ ಮಾಡಿರಲಿಲ್ಲ ಎಂದಲ್ಲ. ರಾತ್ರಿಯಿಡೀ ಪೆಟ್ಟಿಗೆಗೆ ಕರೆ ಮಾಡುತ್ತಾ, ಕಟ್ ಮಾಡುತ್ತಾ ಇರುವ ಒಂದು ಸ್ಕ್ರಿಪ್ಟ್ ಬರೆದು ಓಡಿಸಿದ್ದೆ. ಬೆಳಿಗ್ಗೆ ಎಲ್ಲ ಸರಿಯಾಗಿಯೇ ಇತ್ತು. ಸ್ಕ್ರಿಪ್ಟನ್ನು ಈಗ ಮತ್ತೆ ಓದಿದಾಗ ಕಾರಣ ಕಂಡಿತು: ಪ್ರತಿ ಹೆಜ್ಜೆಯ ನಡುವೆ ನಾನು ಒಂದು ನಿಗದಿತ ವಿರಾಮ ಇಟ್ಟಿದ್ದೆ. ಪೆಟ್ಟಿಗೆ ಎತ್ತುವ ಹೊತ್ತಿಗೂ ನಾನು ಕಟ್ ಮಾಡುವ ಹೊತ್ತಿಗೂ ಯಾವಾಗಲೂ ಒಂದು ಸೆಕೆಂಡಿನ ಅಂತರ. ಎರಡೂ ಒಂದೇ ಗಳಿಗೆಯಲ್ಲಿ ನಡೆಯುವ ಅವಕಾಶವನ್ನೇ ಆ ವಿರಾಮ ಅಳಿಸಿಹಾಕಿತ್ತು. ವಿರಾಮವನ್ನು ಯಾದೃಚ್ಛಿಕ ಮಾಡಿ ಮತ್ತೊಂದು ರಾತ್ರಿ ಓಡಿಸಬಹುದಿತ್ತು. ಆದರೆ ಏನೂ ಸಿಗದಿದ್ದರೆ ಏನೂ ಇಲ್ಲವೆಂದು ಹೇಳುವ ಧೈರ್ಯ ಬರುತ್ತಿರಲಿಲ್ಲ. ನನಗೆ ಬೇಕಿದ್ದದ್ದು ಎಲ್ಲ ಕ್ರಮಗಳನ್ನೂ ಒಂದೂ ಬಿಡದೆ ನೋಡುವ ಸಾಧನ. ಹಾಗಾಗಿ ಸ್ಪಿನ್.

ಸ್ಪಿನ್ ಒಂದು ಮಾಡೆಲ್ ಚೆಕರ್. ಅದರ ಮೂಲವೇ ದೂರವಾಣಿ ಲೋಕ: ಬೆಲ್ ಲ್ಯಾಬ್ಸ್‌ನಲ್ಲಿ ಜೆರಾರ್ಡ್ ಹೋಲ್ಜ್‌ಮನ್ ಅವರ ಕೈಯಲ್ಲಿ ಬೆಳೆದು, 1991ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ಲೂಸೆಂಟ್‌ನ ಪಾತ್‌ಸ್ಟಾರ್ ಎಂಬ ಯಂತ್ರದ ಕರೆ ನಿರ್ವಹಣಾ ತಂತ್ರಾಂಶವನ್ನು ಪರಿಶೀಲಿಸಿದ್ದೂ ಇದರಿಂದಲೇ. ನಾವು ಪ್ರೊಮೆಲಾ ಎಂಬ ಭಾಷೆಯಲ್ಲಿ ಪ್ರಕ್ರಿಯೆಗಳನ್ನೂ ಅವುಗಳ ನಡುವಿನ ಚಾನಲ್‌ಗಳನ್ನೂ, ಅಂದರೆ ಸಂದೇಶಗಳು ಸರದಿಯಲ್ಲಿ ಕಾಯುವ ದಾರಿಗಳನ್ನೂ, ಬರೆಯುತ್ತೇವೆ. ಸ್ಪಿನ್ ಅದನ್ನು ಓದಿ ಸಿ ಭಾಷೆಯಲ್ಲಿ ಒಂದು ಪರಿಶೀಲಕವನ್ನು ಬರೆದುಕೊಡುತ್ತದೆ. ಅದನ್ನು ಕಂಪೈಲ್ ಮಾಡಿ ಓಡಿಸಿದರೆ ವ್ಯವಸ್ಥೆ ತಲುಪಬಹುದಾದ ಪ್ರತಿಯೊಂದು ಸ್ಥಿತಿಯನ್ನೂ ಹುಡುಕಿ ನೋಡುತ್ತದೆ. ತಪ್ಪು ಸಿಕ್ಕರೆ ಅಲ್ಲಿಗೆ ಹೋದ ದಾರಿಯನ್ನು ಒಂದು ಫೈಲಿನಲ್ಲಿ ಬರೆದಿಡುತ್ತದೆ. ಆ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಮತ್ತೆ ನಡೆಸಿ ನೋಡಬಹುದು. ನನ್ನ ಮಟ್ಟಿಗೆ ಇಡೀ ಉಪಕರಣದ ಬೆಲೆ ಇರುವುದು ಆ ಫೈಲಿನಲ್ಲಿ.

ಮೊದಲ ಮಾದರಿ

ಒಂದು ಮೇಜಿನ ಫೋನ್, ಒಂದು ಪೆಟ್ಟಿಗೆ, ಎರಡು ಚಾನಲ್: ಇಷ್ಟರಿಂದ ಶುರು ಮಾಡಿದೆ. ಪ್ರತಿ ಚಾನಲ್‌ನಲ್ಲಿ ನಾಲ್ಕು ಸಂದೇಶಗಳಿಗೆ ಜಾಗ. ಧ್ವನಿ ಬೇಡ, ನಂಬರ್ ಒತ್ತುವುದು ಬೇಡ, ಗಡಿಯಾರವೂ ಬೇಡ. ಎರಡು ಸಲ ರಿಂಗ್ ಆದ ಮೇಲೆ ಎತ್ತುತ್ತದೆ ಎಂಬುದು ಮಾದರಿಯಲ್ಲಿ ‘ರಿಂಗ್ ಆಗುತ್ತಿರುವಾಗ ಯಾವ ಗಳಿಗೆಯಲ್ಲಾದರೂ ಎತ್ತಬಹುದು’ ಎಂದಾಯಿತು. ನನ್ನ ಸ್ಕ್ರಿಪ್ಟಿನ ಒಂದು ಸೆಕೆಂಡಿನ ವಿರಾಮ ಇಲ್ಲಿಗೆ ಮಾಯವಾಯಿತು.

ಫೋನ್ ಬಳಸುವ ಮನುಷ್ಯನನ್ನು ಬರೆಯುವಾಗ ಎಡವಿದೆ. ಡಯಲ್ ಮಾಡುತ್ತಾನೆ, ಎದುರಿನವರು ಎತ್ತುವವರೆಗೆ ಕಾಯುತ್ತಾನೆ, ಮಾತಾಡುತ್ತಾನೆ, ಇಡುತ್ತಾನೆ: ನಾನು ಬರೆದದ್ದು ಅಂಥ ಸಭ್ಯ ಮನುಷ್ಯನನ್ನು. ಓಡಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ದೋಷ ಸೊನ್ನೆ. ಆ ಸೊನ್ನೆಯನ್ನು ನಂಬಿ ಎದ್ದುಬಿಡುತ್ತಿದ್ದೆನೇನೋ. ಆದರೆ ವರದಿಯ ಕೊನೆಯಲ್ಲಿ ಸ್ಪಿನ್ ಇನ್ನೊಂದು ಪಟ್ಟಿ ಕೊಡುತ್ತದೆ, ಹುಡುಕಾಟದಲ್ಲಿ ಒಮ್ಮೆಯೂ ತಲುಪದ ಸಾಲುಗಳ ಪಟ್ಟಿ. ‘ರದ್ದು’ ಕಳುಹಿಸುವ ಸಾಲೂ ಅದನ್ನು ಸ್ವೀಕರಿಸುವ ಸಾಲೂ ಅದರಲ್ಲಿದ್ದವು. ಪ್ರೋಟೋಕಾಲ್‌ನ ಕಾಲುಭಾಗವನ್ನು ಪರಿಶೀಲಕ ಮುಟ್ಟಿಯೇ ಇರಲಿಲ್ಲ. ಅಂದಿನಿಂದ ನಾನು ದೋಷದ ಎಣಿಕೆಗಿಂತ ಮೊದಲು ಈ ಪಟ್ಟಿಯನ್ನು ಓದುತ್ತೇನೆ.

ಮನುಷ್ಯನನ್ನು ಮತ್ತೆ ಬರೆದೆ. ಈಗ ಅವನು ಯಾವಾಗ ಬೇಕಾದರೂ ಎತ್ತಬಹುದು, ಯಾವಾಗ ಬೇಕಾದರೂ ಇಡಬಹುದು, ಇಟ್ಟ ಕೂಡಲೇ ಮತ್ತೆ ಡಯಲ್ ಮಾಡಬಹುದು. ತಲುಪದ ಸಾಲುಗಳ ಪಟ್ಟಿ ಬರಿದಾಯಿತು. ದೋಷ ಮಾತ್ರ ಇನ್ನೂ ಸೊನ್ನೆ.

ಇದು ನನ್ನನ್ನು ಅರ್ಧ ದಿನ ಕೂರಿಸಿತು. ಪೆಟ್ಟಿಗೆ ನಾಲ್ಕು ಸಲ ಸಿಕ್ಕಿಹಾಕಿಕೊಂಡದ್ದು ನಿಜ, ಮಾದರಿ ಅದು ಸಾಧ್ಯವಿಲ್ಲ ಎನ್ನುತ್ತಿದೆ. ಕೊನೆಗೆ ಕಾರಣ ಸಿಕ್ಕಿದ್ದು ನನ್ನ ಮೂಲ ಪ್ರೋಗ್ರಾಂನಿಂದ ನಿಷ್ಠೆಯಿಂದ ನಕಲು ಮಾಡಿದ್ದ ಒಂದು ಸಾಲಿನಲ್ಲಿ. ಪ್ರತಿ ಸ್ಥಿತಿಯ ಕೊನೆಗೆ ‘ಬೇರೆ ಯಾವ ಸಂದೇಶ ಬಂದರೂ ಓದಿ ಬಿಸಾಡು’ ಎಂದು ಬರೆದಿದ್ದೆ. ಅದನ್ನು ಬರೆದಾಗ ಎಚ್ಚರಿಕೆಯ ಕೆಲಸವೆಂದೇ ಅಂದುಕೊಂಡಿದ್ದೆ, ಗೊತ್ತಿಲ್ಲದ ಸಂದೇಶ ಬಂದರೆ ಸಾಧನ ನಿಲ್ಲಬಾರದಲ್ಲ. ಆದರೆ ಸ್ಪಿನ್ ತಾನಾಗಿ ಹುಡುಕುವುದು ಯಾರೂ ಮುಂದಿನ ಹೆಜ್ಜೆ ಇಡಲಾಗದಂತೆ ಎಲ್ಲರೂ ನಿಂತುಬಿಡುವ ಸ್ಥಿತಿಯನ್ನು. ಬಿಸಾಡುವ ಸಾಲು ಇರುವವರೆಗೆ ಯಾರೂ ನಿಲ್ಲುವುದಿಲ್ಲ. ಪೆಟ್ಟಿಗೆ ಮಾತಿನ ಸ್ಥಿತಿಯಲ್ಲೇ ಕೊಳೆಯುತ್ತಿದ್ದರೂ ಫೋನ್ ಡಯಲ್ ಮಾಡುತ್ತಲೇ, ಎಂಗೇಜ್ ಕೇಳುತ್ತಲೇ ಇರಬಹುದು. ಯಂತ್ರದ ಕಣ್ಣಿಗೆ ಅದು ಜೀವಂತ ವ್ಯವಸ್ಥೆ.

ಆ ಸಾಲುಗಳನ್ನೆಲ್ಲ ತೆಗೆದು, ಅವುಗಳ ಜಾಗದಲ್ಲಿ ‘ಇಲ್ಲಿಗೆ ಬರಲೇಬಾರದು’ ಎಂಬ ಅಸರ್ಟ್ ಹಾಕಿದೆ, ಅಂದರೆ ಸುಳ್ಳಾದರೆ ಸ್ಪಿನ್ ದೋಷವೆಂದು ಹೇಳುವ ಷರತ್ತು. ಹುಡುಕಾಟವನ್ನು ಅಗಲ-ಮೊದಲು ಕ್ರಮಕ್ಕೆ (ಕಡಿಮೆ ಹೆಜ್ಜೆಯಲ್ಲಿ ಸಿಗುವ ಸ್ಥಿತಿಗಳನ್ನೆಲ್ಲ ಮೊದಲು ನೋಡುವುದು) ಬದಲಿಸಿದೆ, ಏಕೆಂದರೆ ಹಾಗೆ ಹುಡುಕಿದರೆ ಸಿಗುವ ದಾರಿ ಅತ್ಯಂತ ಗಿಡ್ಡ ದಾರಿಯಾಗಿರುತ್ತದೆ. ಆಳ-ಮೊದಲು ಹುಡುಕಿದಾಗ ಸಿಗುವ ದಾರಿ ಊರೆಲ್ಲ ಸುತ್ತಿ ಬಂದಿರುತ್ತದೆ, ಓದುವುದೇ ಪ್ರಯಾಸ.

ಈಗ ತಕ್ಷಣ ದೋಷ ಬಂತು, ನಾಲ್ಕೇ ಹೆಜ್ಜೆಯಲ್ಲಿ. ಫೋನ್ ಡಯಲ್ ಮಾಡಿತು. ಪೆಟ್ಟಿಗೆ ‘ಕರೆ’ ಓದಿ ‘ರಿಂಗ್’ ಕಳುಹಿಸಿತು. ಅದು ತಲುಪುವ ಮೊದಲೇ ಫೋನ್ ಇಟ್ಟರು. ಖಾಲಿ ಸ್ಥಿತಿಯಲ್ಲಿರುವ ಫೋನಿಗೆ ‘ರಿಂಗ್’ ಬಂತು. ಇದು ನಿರಪಾಯ. ತಡವಾಗಿ ಬಂದ ಸುದ್ದಿ ಅಷ್ಟೆ, ಬಿಸಾಡಿದರೆ ಏನೂ ಆಗದು. ಆದರೆ ಈ ಸಲ ಅದನ್ನು ಎಲ್ಲಕ್ಕೂ ಸೇರಿಸಿ ಬಿಸಾಡಲಿಲ್ಲ. ‘ಖಾಲಿ ಸ್ಥಿತಿಯಲ್ಲಿ ರಿಂಗ್ ಬಂದರೆ ಬಿಟ್ಟುಬಿಡು’ ಎಂದು ಅದೊಂದಕ್ಕೇ ಹೆಸರು ಹಿಡಿದು ಬರೆದೆ. ಮತ್ತೆ ಓಡಿಸಿದೆ. ಐದು ಹೆಜ್ಜೆ:

1. ಫೋನ್: ಡಯಲ್ ಮಾಡಿದರು. ‘ಕರೆ’ ಹೊರಟಿತು.
2. ಪೆಟ್ಟಿಗೆ: ‘ಕರೆ’ ಓದಿತು. ‘ರಿಂಗ್’ ಹೊರಟಿತು. ಸ್ಥಿತಿ: ರಿಂಗ್ ಆಗುತ್ತಿದೆ.
3. ಫೋನ್: ಇಟ್ಟುಬಿಟ್ಟರು. ‘ರದ್ದು’ ಹೊರಟಿತು. ಸ್ಥಿತಿ: ಖಾಲಿ.
4. ಪೆಟ್ಟಿಗೆ: ತಾನೇ ಎತ್ತಿತು. ‘ಎತ್ತಿದೆ’ ಹೊರಟಿತು. ಸ್ಥಿತಿ: ಮಾತು.
5. ಪೆಟ್ಟಿಗೆ: ಮಾತಿನ ಸ್ಥಿತಿಯಲ್ಲಿ ‘ರದ್ದು’ ಓದಿತು. ಅಸರ್ಟ್ ಸೋತಿತು.

ಹಸಿರು ದೀಪದ ಕಥೆ ಪೂರ್ತಿ ಇಲ್ಲಿತ್ತು. ‘ರದ್ದು’ ಮತ್ತು ‘ಎತ್ತಿದೆ’ ದಾರಿಯಲ್ಲಿ ಒಂದನ್ನೊಂದು ಹಾದುಹೋಗುತ್ತವೆ. ಪೆಟ್ಟಿಗೆ ‘ರದ್ದು’ವನ್ನು ಬಿಸಾಡುತ್ತದೆ, ಫೋನ್ ‘ಎತ್ತಿದೆ’ಯನ್ನು ಬಿಸಾಡುತ್ತದೆ, ಇಬ್ಬರೂ ತಮ್ಮ ತಮ್ಮ ಪಾಲಿನ ಕೆಲಸವನ್ನು ನಿಯಮದ ಪ್ರಕಾರವೇ ಮಾಡಿರುತ್ತಾರೆ. ಪೆಟ್ಟಿಗೆಯ ಬದಲು ಅಲ್ಲಿ ಮನುಷ್ಯನಿದ್ದರೆ ಎರಡು ಸಲ ಹಲೋ ಎಂದು ಕೇಳಿ ಇಟ್ಟುಬಿಡುತ್ತಿದ್ದ. ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಎರಡು ಮೇಜಿನ ಫೋನ್‌ಗಳ ನಡುವೆ ಇದೇ ತಪ್ಪು ಎಷ್ಟು ಸಲ ಆಗಿ ಹೋಗಿದೆಯೋ. ಪೆಟ್ಟಿಗೆಗೆ ಮಾತ್ರ ಎದುರಿನವರು ಇಟ್ಟಾಗ ಇಡುವುದೊಂದೇ ಗೊತ್ತು.

ಕರೆ ಶುರುವಾಗುವ ಬಗೆಯನ್ನು ನಾನು ದಿನಗಟ್ಟಲೆ ಯೋಚಿಸಿ ಬರೆದಿದ್ದೆ. ಮುಗಿಯುವ ಬಗೆಗೆ ಕೊಟ್ಟದ್ದು ಎರಡು ಸಾಲು. ಫೋನ್ ಇಡುವುದೆಂದರೆ ಸಂದೇಶ ಕಳುಹಿಸಿ ಖಾಲಿಯಾಗುವುದು ಎಂದು ತಿಳಿದಿದ್ದೆ. ಕಳುಹಿಸಿದ ಸಂದೇಶಕ್ಕೂ ಎದುರಿನವರು ಅದನ್ನು ಓದುವುದಕ್ಕೂ ನಡುವಿನ ಹೊತ್ತಿನಲ್ಲಿ ಕರೆ ಅರ್ಧ ಸತ್ತಿರುತ್ತದೆ, ಅರ್ಧ ಬದುಕಿರುತ್ತದೆ. ಆ ಹೊತ್ತಿಗೆ ನನ್ನ ಪ್ರೋಟೋಕಾಲ್‌ನಲ್ಲಿ ಹೆಸರೇ ಇರಲಿಲ್ಲ.

ಇಂಟರ್ನೆಟ್ ದೂರವಾಣಿಯ ಎಸ್‌ಐಪಿ ಪ್ರೋಟೋಕಾಲ್ ಇದೇ ಗಳಿಗೆಯನ್ನು ಹೇಗೆ ದಾಟುತ್ತದೆ ಎಂದು ಅದರ ನಿಯಮಗಳ ದಾಖಲೆಯಾದ 2002ರ ಆರ್‌ಎಫ್‌ಸಿ 3261 ತೆಗೆದು ಓದಿದೆ. ಅಲ್ಲಿ ಕ್ಯಾನ್ಸಲ್ (ನನ್ನ ‘ರದ್ದು’ವಿನಂಥದ್ದು) ಕಳುಹಿಸಿದವರು ಖಾಲಿಯಾಗುವುದಿಲ್ಲ, ಮೂಲ ಕರೆಗೆ ಅಂತಿಮ ಉತ್ತರ ಬರುವವರೆಗೆ ಕಾಯುತ್ತಾರೆ. ರದ್ದತಿ ಗೆದ್ದರೆ 487 ಎಂಬ ಸಂಖ್ಯೆಯ ಉತ್ತರ ಬರುತ್ತದೆ. ಎದುರಿನವರು ಅಷ್ಟರಲ್ಲಿ ಎತ್ತಿಬಿಟ್ಟಿದ್ದರೆ 200 ಬರುತ್ತದೆ. ಆಗ ಕರೆ ಸ್ಥಾಪನೆಯಾಯಿತೆಂದೇ ಒಪ್ಪಿಕೊಂಡು, ದೃಢೀಕರಿಸಿ, ಕೂಡಲೇ ಬೈ (ನನ್ನ ‘ಮುಗಿಯಿತು’ವಿನಂಥದ್ದು) ಕಳುಹಿಸಿ ಮುಗಿಸಬೇಕು. ಎತ್ತಿದವರು ತಡವಾಗಿ ಬಂದ ಕ್ಯಾನ್ಸಲ್‌ನಿಂದ ಕರೆಯನ್ನು ಬೀಳಿಸುವುದಿಲ್ಲ. ಅದನ್ನೇ ನನ್ನ ಅಳತೆಗೆ ಇಳಿಸಿಕೊಂಡೆ. ‘ರದ್ದಾಗುತ್ತಿದೆ’ ಎಂಬ ಹೊಸ ಸ್ಥಿತಿ, ‘ಸರಿ’ ಎಂಬ ಹೊಸ ಸಂದೇಶ. ರಿಂಗ್ ಆಗುತ್ತಿರುವಾಗ ‘ರದ್ದು’ ಬಂದರೆ ಪೆಟ್ಟಿಗೆ ‘ಸರಿ’ ಎನ್ನುತ್ತದೆ. ಎತ್ತಿದ ಮೇಲೆ ಬಂದರೆ ಬಿಟ್ಟುಬಿಡುತ್ತದೆ, ಏಕೆಂದರೆ ಅದರ ‘ಎತ್ತಿದೆ’ ಆಗಲೇ ದಾರಿಯಲ್ಲಿದೆ. ರದ್ದಾಗುತ್ತಿರುವ ಫೋನಿಗೆ ‘ಸರಿ’ ಬಂದರೆ ಖಾಲಿ. ‘ಎತ್ತಿದೆ’ ಬಂದರೆ ‘ಮುಗಿಯಿತು’ ಕಳುಹಿಸುತ್ತದೆ.

ಹಳೆಯ ಕರೆಯ ಸಂದೇಶ

ಈಗ ಎರಡೂ ಕಡೆ ಮೇಜಿನ ಫೋನ್ ಇಟ್ಟು ಓಡಿಸಿದೆ, ಇಬ್ಬರೂ ಡಯಲ್ ಮಾಡಬಹುದು, ಇಬ್ಬರೂ ಇಡಬಹುದು. ಇನ್ನೊಂದು ದಾರಿ ಸಿಕ್ಕಿತು. ಇದನ್ನು ಕಾಗದ ಹಿಡಿದು ಕುಳಿತಿದ್ದರೆ ನಾನು ಎಂದೂ ಕಾಣುತ್ತಿರಲಿಲ್ಲ ಎಂದು ಖಚಿತವಾಗಿ ಹೇಳಬಲ್ಲೆ.

ಇಬ್ಬರೂ ಮಾತಿನಲ್ಲಿದ್ದಾರೆ. ಒಂದೇ ಗಳಿಗೆಯಲ್ಲಿ ಇಬ್ಬರೂ ಇಡುತ್ತಾರೆ. ಎರಡು ‘ಮುಗಿಯಿತು’ಗಳು ದಾರಿಯಲ್ಲಿ ಹಾದುಹೋಗುತ್ತಿವೆ, ಇಬ್ಬರೂ ಖಾಲಿ. ಮೊದಲನೆಯವರಿಗೆ ಏನೋ ನೆನಪಾಗಿ ಕೂಡಲೇ ಮತ್ತೆ ಡಯಲ್ ಮಾಡುತ್ತಾರೆ. ಈಗ ಅವರ ಫೋನ್ ಹೊಸ ಕರೆಯಲ್ಲಿದೆ. ಅಷ್ಟರಲ್ಲಿ ಹಳೆಯ ಕರೆಯ ‘ಮುಗಿಯಿತು’ ಬಂದು ತಲುಪುತ್ತದೆ. ಫೋನ್ ಅದನ್ನು ಹೊಸ ಕರೆಯ ಅಂತ್ಯವೆಂದು ತಿಳಿದು ಖಾಲಿಯಾಗುತ್ತದೆ. ಎದುರಿನ ಫೋನ್ ಮಾತ್ರ ಹೊಸ ‘ಕರೆ’ಯನ್ನು ಓದಿ ರಿಂಗ್ ಆಗತೊಡಗುತ್ತದೆ. ಎತ್ತಿದರೆ ಯಾರೂ ಇಲ್ಲ.

ದೋಷ ಅದೇ ಜಾತಿಯದು: ಮುಗಿಸುವ ಹೊತ್ತಿಗೆ ಸ್ಥಿತಿಯೇ ಇಲ್ಲದಿರುವುದು. ‘ಮುಗಿಸುತ್ತಿದೆ’ ಎಂಬ ಆರನೆಯ ಸ್ಥಿತಿ ಸೇರಿಸಿದೆ. ‘ಮುಗಿಯಿತು’ ಕಳುಹಿಸಿದವರು ‘ಸರಿ’ ಬರುವವರೆಗೆ ಅಲ್ಲೇ ಇರುತ್ತಾರೆ. ಆ ನಡುವೆ ಎದುರಿನಿಂದಲೂ ‘ಮುಗಿಯಿತು’ ಬಂದರೆ ಅದಕ್ಕೂ ‘ಸರಿ’ ಎಂದು ಉತ್ತರಿಸಿ ಕಾಯುವುದನ್ನು ಮುಂದುವರಿಸುತ್ತಾರೆ. ಸಂದೇಶಗಳು ಕಳುಹಿಸಿದ ಕ್ರಮದಲ್ಲೇ ಬರುತ್ತವೆ ಎಂದಿದ್ದರೆ ಇಷ್ಟು ಸಾಕು. ಅಸರ್ಟ್‌ಗಳೆಲ್ಲ ಗೆದ್ದವು.

ಅಸರ್ಟ್ ಹೇಳುವುದು ‘ಕೆಟ್ಟದ್ದು ನಡೆಯದು’ ಎಂಬುದನ್ನು ಮಾತ್ರ. ನನಗೆ ‘ಒಳ್ಳೆಯದು ನಡೆದೇ ತೀರುತ್ತದೆ’ ಎಂಬುದೂ ಬೇಕಿತ್ತು: ಒಂದು ಕಡೆ ಮಾತಿನ ಸ್ಥಿತಿಯಲ್ಲಿದ್ದರೆ, ಕೊನೆಗೊಮ್ಮೆ ಎದುರಿನವರೂ ಮಾತಿಗೆ ಬರಬೇಕು, ಇಲ್ಲವೇ ಈ ಕಡೆಯವರು ಮಾತಿನಿಂದ ಹೊರಬರಬೇಕು. ಪ್ರೋಗ್ರಾಂಗಳ ಬಗ್ಗೆ ಹೀಗೆ ‘ಯಾವಾಗಲೂ’, ‘ಕೊನೆಗೊಮ್ಮೆ’ ಎಂದು ಹೇಳುವ ಕಾಲಿಕ ತರ್ಕವನ್ನು 1977ರಲ್ಲಿ ಅಮೀರ್ ಪ್ನುಯೆಲಿ ಮುಂದಿಟ್ಟರು. ಸ್ಪಿನ್ ಅದನ್ನು ಒಂದು ಸಾಲಿನ ಸೂತ್ರವಾಗಿ ಸ್ವೀಕರಿಸುತ್ತದೆ. ಬರೆದು, ಮೂರನೆಯ ಸಾಧನವನ್ನೂ ಸೇರಿಸಿ ಓಡಿಸಿದೆ. ಸೋತಿತು. ಆದರೆ ಕೊಟ್ಟ ದಾರಿ ವಿಚಿತ್ರವಾಗಿತ್ತು: ಪೆಟ್ಟಿಗೆ ಎತ್ತಿದೆ, ‘ಎತ್ತಿದೆ’ ಸಂದೇಶ ಮೊದಲ ಫೋನಿನ ಬಾಗಿಲಲ್ಲಿ ಬಂದು ನಿಂತಿದೆ, ಆ ಫೋನ್ ಮಾತ್ರ ಅದನ್ನು ಎಂದೆಂದಿಗೂ ಓದುವುದಿಲ್ಲ, ಎರಡನೆಯ ಫೋನ್ ಮಾತ್ರ ಪೆಟ್ಟಿಗೆಗೆ ಡಯಲ್ ಮಾಡುತ್ತಾ, ಎಂಗೇಜ್ ಪಡೆಯುತ್ತಾ ಅನಂತವಾಗಿ ಸುತ್ತುತ್ತಿದೆ. ಯಾವ ಪ್ರಕ್ರಿಯೆಗೆ ಯಾವಾಗ ಸರದಿ ಎಂದು ಮಾದರಿಯಲ್ಲಿ ಎಲ್ಲೂ ಹೇಳದ ಕಾರಣ ಸ್ಪಿನ್ ಇದನ್ನೂ ಸಾಧ್ಯವೆಂದೇ ಹಿಡಿಯುತ್ತದೆ. ನಿಜದ ಫೋನ್ ಹೀಗೆ ಸುಮ್ಮನೆ ಕೂರುವುದಿಲ್ಲ. ಹೆಜ್ಜೆ ಇಡಲು ನಿರಂತರವಾಗಿ ಸಿದ್ಧವಾಗಿರುವ ಪ್ರಕ್ರಿಯೆಗೆ ಕೊನೆಗೊಮ್ಮೆ ಅವಕಾಶ ಸಿಗಲೇಬೇಕು ಎಂಬ ನ್ಯಾಯದ ಷರತ್ತನ್ನು ಪರಿಶೀಲಕವನ್ನು ಓಡಿಸುವಾಗ ಹಾಕಬಹುದು. ಹಾಕಿದೆ, ಆ ಸುಳ್ಳು ದಾರಿ ಹೋಯಿತು. ಪ್ರತಿಫಲವಾಗಿ ಹುಡುಕಾಟ ಎದ್ದು ಕಾಣುವಷ್ಟು ನಿಧಾನವಾಯಿತು.

ಮೂರನೆಯ ಸಾಧನದ ಭಾರವನ್ನು ಕಾಗದದ ಮೇಲೂ ಲೆಕ್ಕ ಹಾಕಬಹುದು. ಏಳು ಬಗೆಯ ಸಂದೇಶಗಳು, ನಾಲ್ಕು ಜಾಗದ ಚಾನಲ್: ಒಂದು ಚಾನಲ್ 2,801 ಬಗೆಯಲ್ಲಿ ತುಂಬಿರಬಹುದು. ಎರಡು ಚಾನಲ್‌ಗಳಿಗೆ 78,45,601. ಎರಡು ಸಾಧನಗಳ ಆರಾರು ಸ್ಥಿತಿ ಸೇರಿದರೆ 28 ಕೋಟಿ ಮೀರುತ್ತದೆ. ಮೂರನೆಯ ಸಾಧನ ಮತ್ತು ಅದರ ಚಾನಲ್ ಬಂದರೆ, ಸಂದೇಶ ಕಳುಹಿಸಿದವರು ಯಾರೆಂಬುದನ್ನು ಲೆಕ್ಕಕ್ಕೆ ಹಿಡಿಯದೆಯೇ, ನಾಲ್ಕೂವರೆ ಲಕ್ಷ ಕೋಟಿಗೂ ಹೆಚ್ಚು. ನಿಜವಾಗಿ ತಲುಪಬಹುದಾದ ಸ್ಥಿತಿಗಳು ಇದರ ಒಂದು ಚೂರು. ನಿಯಮಗಳೇ ಉಳಿದವನ್ನು ಮುಚ್ಚಿರುತ್ತವೆ. ಆದರೂ ಚಾನಲ್‌ನ ಜಾಗವನ್ನು ನಾಲ್ಕರಿಂದ ಮೂರಕ್ಕಿಳಿಸಿದೆ, ಒಂದು ಸಂದೇಶ ಓದಿ ಉತ್ತರ ಕಳುಹಿಸುವುದನ್ನು ಒಂದೇ ಅವಿಭಾಜ್ಯ ಹೆಜ್ಜೆಯಾಗಿ ಕಟ್ಟಿದೆ. ಅನಂತರ ಮೆಮೊರಿ ಸಾಕಾಯಿತು.

ಮೂವರಿದ್ದಾಗ ಸಿಕ್ಕ ದೋಷವನ್ನು ಬೇಗ ಹೇಳುತ್ತೇನೆ. ಎರಡನೆಯ ಫೋನಿನ ಜೊತೆ ಮಾತಿನಲ್ಲಿರುವ ಪೆಟ್ಟಿಗೆಗೆ ಮೊದಲ ಫೋನ್ ಕರೆ ಮಾಡುತ್ತದೆ, ಪೆಟ್ಟಿಗೆ ‘ಎಂಗೇಜ್’ ಕಳುಹಿಸುತ್ತದೆ. ಅದನ್ನು ಮೊದಲ ಫೋನ್ ಓದುವ ಮೊದಲೇ ಎರಡನೆಯವರು ಇಟ್ಟು, ಮತ್ತೆ ಡಯಲ್ ಮಾಡಿ, ಪೆಟ್ಟಿಗೆ ಅವರಿಗಾಗಿ ರಿಂಗ್ ಆಗತೊಡಗಿರುತ್ತದೆ. ಈಗ ಮೊದಲನೆಯವರು ಬೇಸತ್ತು ಇಡುತ್ತಾರೆ. ಅವರ ‘ರದ್ದು’ ಬಂದು ಎರಡನೆಯವರ ಕರೆಯನ್ನು ಕೊಲ್ಲುತ್ತದೆ. ಸಂದೇಶ ಯಾರಿಂದ ಬಂತು ಎಂದು ನನ್ನ ಪ್ರೋಗ್ರಾಂ ನೋಡುತ್ತಲೇ ಇರಲಿಲ್ಲ.

ಇಬ್ಬರೂ ಒಂದೇ ಗಳಿಗೆಯಲ್ಲಿ ಒಬ್ಬರಿಗೊಬ್ಬರು ಡಯಲ್ ಮಾಡಿದಾಗ ಇಬ್ಬರಿಗೂ ಎಂಗೇಜ್ ಬರುವುದು ಅಪಾಯವಲ್ಲ, ಆದರೆ ನನಗೆ ಅದು ಸಹಿಸಲಿಲ್ಲ. ಮಾತಾಡಲು ಇಬ್ಬರೂ ಸಿದ್ಧರಿದ್ದಾಗ ಬೇಡವೆನ್ನುವ ಯಂತ್ರ ಯಾರಿಗೆ ಬೇಕು? ದೂರವಾಣಿ ಜಾಲಗಳಿಗೆ ಇದು ಹಳೆಯ ಸಮಸ್ಯೆ. ಎರಡು ಎಕ್ಸ್‌ಚೇಂಜ್‌ಗಳು ಒಂದೇ ಸರ್ಕ್ಯೂಟನ್ನು ಎರಡೂ ತುದಿಯಿಂದ ಹಿಡಿದಾಗ, ಎಕ್ಸ್‌ಚೇಂಜ್‌ಗಳು ತಮ್ಮೊಳಗೆ ಕರೆ ಏರ್ಪಡಿಸಲು ಬಳಸುವ ಐಎಸ್‌ಯುಪಿ ಪ್ರೋಟೋಕಾಲ್‌ನ ನಿಯಮದ ಪ್ರಕಾರ ಸಿಗ್ನಲಿಂಗ್ ಸಂಖ್ಯೆ ದೊಡ್ಡದಿರುವ ಎಕ್ಸ್‌ಚೇಂಜ್‌ಗೆ ಸಮ ಸಂಖ್ಯೆಯ ಸರ್ಕ್ಯೂಟ್‌ಗಳ ಮೇಲೆ ಅಧಿಕಾರ, ಇನ್ನೊಂದಕ್ಕೆ ಬೆಸ ಸಂಖ್ಯೆಯವು. ನಡೆಯುತ್ತಿರುವ ಕರೆಯನ್ನು ಬದಲಿಸಲು ಎರಡೂ ಕಡೆ ಏಕಕಾಲಕ್ಕೆ ಕೇಳಿದರೆ ಎಸ್‌ಐಪಿಯಲ್ಲಿ 491 ಎಂಬ ಉತ್ತರ ಬರುತ್ತದೆ. ಕರೆ ಶುರು ಮಾಡಿದವರು 2.1ರಿಂದ 4 ಸೆಕೆಂಡ್ ಕಾದು, ಎದುರಿನವರು 0ಯಿಂದ 2 ಸೆಕೆಂಡ್ ಕಾದು ಮತ್ತೆ ಪ್ರಯತ್ನಿಸಬೇಕು. ಎರಡು ಅವಧಿಗಳು ಒಂದರ ಮೇಲೊಂದು ಬೀಳದಂತೆ ಬೇರ್ಪಡಿಸಿರುವುದು ಎಷ್ಟು ಚೆಂದ! ನಾನು ಐಎಸ್‌ಯುಪಿಯ ದಾರಿ ಹಿಡಿದೆ: ಸಣ್ಣ ಸಂಖ್ಯೆಯ ಫೋನ್ ತನ್ನ ಕರೆಯನ್ನು ಬಿಟ್ಟುಕೊಟ್ಟು ನೇರವಾಗಿ ‘ಎತ್ತಿದೆ’ ಎನ್ನುತ್ತದೆ, ಅದರ ರಿಸೀವರ್ ಹೇಗೂ ಕೈಯಲ್ಲೇ ಇದೆ.

ಸಂದೇಶ ಕಳೆದುಹೋದರೆ

ಇಲ್ಲಿಯವರೆಗೆ ಕಳುಹಿಸಿದ್ದೆಲ್ಲ ತಲುಪುತ್ತದೆ, ಕ್ರಮದಲ್ಲೇ ತಲುಪುತ್ತದೆ ಎಂದುಕೊಂಡಿದ್ದೆ. ನನ್ನ ಸಾಧನಗಳು ಜಾಲದಲ್ಲಿ ಸಂದೇಶ ಸಾಗಿಸಲು ಬಳಸುವುದು ಯುಡಿಪಿ ಎಂಬ ಸರಳ ವಿಧಾನವನ್ನು. ಅದು ಎರಡರಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ಕಳುಹಿಸುವಾಗ ‘ಚಾನಲ್‌ಗೆ ಹಾಕು ಅಥವಾ ಸುಮ್ಮನೆ ಮುಂದೆ ಹೋಗು’ ಎಂಬ ಆಯ್ಕೆ, ಓದುವಾಗ ಸರದಿಯ ಯಾವ ಜಾಗದಿಂದಾದರೂ ಎತ್ತಿಕೊಳ್ಳುವ ಅವಕಾಶ: ಮಾದರಿಯಲ್ಲಿ ಇದು ನಾಲ್ಕೈದು ಸಾಲು.

ಉತ್ತರ ಬಾರದಿದ್ದರೆ ಮತ್ತೆ ಕಳುಹಿಸಬೇಕು. ಪ್ರೊಮೆಲಾದಲ್ಲಿ ಟೈಮ್‌ಔಟ್ ಎಂಬ ಪದವೇ ಇದೆ, ಅದನ್ನು ಬಳಸಿದೆ, ಎಲ್ಲ ಸುಸೂತ್ರವಾಗಿ ನಡೆಯಿತು. ಸಂಶಯ ಬಂದದ್ದು ಆ ಸುಸೂತ್ರತೆಯ ಮೇಲೆಯೇ. ಕೈಪಿಡಿ ಓದಿದರೆ ಕಾರಣ ಸ್ಪಷ್ಟವಾಗಿತ್ತು: ಇಡೀ ವ್ಯವಸ್ಥೆಯಲ್ಲಿ ಬೇರೆ ಯಾರಿಗೂ ಯಾವ ಹೆಜ್ಜೆಯೂ ಸಾಧ್ಯವಿಲ್ಲದಾಗ ಮಾತ್ರ ಆ ಟೈಮ್‌ಔಟ್ ನಿಜವಾಗುತ್ತದೆ. ಅಂದರೆ ಉತ್ತರ ದಾರಿಯಲ್ಲಿರುವಾಗಲೇ ಅವಸರದಿಂದ ಮತ್ತೆ ಕಳುಹಿಸುವುದು ಈ ಮಾದರಿಯಲ್ಲಿ ಆಗುವುದೇ ಇಲ್ಲ. ನಿಜದ ಟೈಮರ್‌ಗೆ ದಾರಿಯಲ್ಲಿ ಏನಿದೆ ಎಂಬುದು ಗೊತ್ತಿರುವುದಿಲ್ಲ. ತಡವಾದ ಉತ್ತರವೂ ಕಳೆದುಹೋದ ಉತ್ತರವೂ ಅದಕ್ಕೆ ಒಂದೇ. ಟೈಮ್‌ಔಟ್ ಪದವನ್ನು ಕಿತ್ತುಹಾಕಿ, ‘ಕಾಯುತ್ತಿರುವಾಗ ಯಾವ ಗಳಿಗೆಯಲ್ಲಾದರೂ ಮತ್ತೆ ಕಳುಹಿಸಬಹುದು’ ಎಂದು ಬರೆದೆ.

ಕೂಡಲೇ ಸಿಕ್ಕಿದ್ದು ಒಂದು ದೆವ್ವದ ರಿಂಗ್. ‘ಕರೆ’ಯನ್ನು ಎರಡು ಸಲ ಕಳುಹಿಸಲಾಗಿದೆ, ಅನಂತರ ‘ರದ್ದು’. ಪೆಟ್ಟಿಗೆ ಮೊದಲ ‘ಕರೆ’ಯನ್ನೂ ‘ರದ್ದು’ವನ್ನೂ ಓದಿ ಖಾಲಿಯಾಗುತ್ತದೆ. ಎರಡನೆಯ ಪ್ರತಿ ಆಮೇಲೆ ತಲುಪುತ್ತದೆ. ಪೆಟ್ಟಿಗೆಗೆ ಅದು ಹೊಚ್ಚ ಹೊಸ ಕರೆ. ಪರಿಹಾರ ಎಲ್ಲ ಪ್ರೋಟೋಕಾಲ್‌ಗಳೂ ಕಂಡುಕೊಂಡಿರುವಂಥದ್ದೇ: ಪ್ರತಿ ಸಂದೇಶದಲ್ಲಿ ಕಳುಹಿಸಿದವರ ಗುರುತು ಮತ್ತು ಕರೆಯ ಸಂಖ್ಯೆ, ಈಗ ತಾನೇ ಮುಗಿದ ಕರೆಯ ಸಂಖ್ಯೆಯನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡು, ಅದೇ ಸಂಖ್ಯೆ ಮತ್ತೆ ಬಂದರೆ ಹಿಂದೆ ಕೊಟ್ಟ ಉತ್ತರವನ್ನೇ ಮತ್ತೆ ಕೊಡುವುದು. ಮೊದಲ ಫೋನಿನ ‘ರದ್ದು’ ಎರಡನೆಯವರ ಕರೆಯನ್ನು ಕೊಲ್ಲುತ್ತಿದ್ದುದೂ ಇದರಿಂದಲೇ ನಿಂತಿತು. ಎಷ್ಟು ಹೊತ್ತು ನೆನಪಿಡಬೇಕು ಎಂಬುದನ್ನು ಸ್ಪಿನ್ ಹೇಳದು, ಅದಕ್ಕೆ ಸೆಕೆಂಡುಗಳ ಅರಿವಿಲ್ಲ. ಎಸ್‌ಐಪಿಯ ಲೆಕ್ಕವನ್ನೇ ತೆಗೆದುಕೊಂಡೆ: ಮೊದಲ ಕಾಯುವಿಕೆ ಅರ್ಧ ಸೆಕೆಂಡ್, ಅದರ 64 ಪಟ್ಟು ಅಂದರೆ 32 ಸೆಕೆಂಡ್ ಆದ ಮೇಲೆ ಪ್ರಯತ್ನ ಬಿಡುವುದು.

ಬಿಡುವುದು ಎಂದೆನಲ್ಲ, ಅಲ್ಲಿ ಕಾಲಿಕ ತರ್ಕದ ಸೂತ್ರ ಮತ್ತೆ ಸೋತಿತು. ಫೋನ್ ‘ಮುಗಿಯಿತು’ ಕಳುಹಿಸುತ್ತದೆ, ಎಲ್ಲ ಪ್ರತಿಗಳೂ ಕಳೆದುಹೋಗುತ್ತವೆ, ಫೋನ್ ಪ್ರಯತ್ನ ಬಿಟ್ಟು ಖಾಲಿಯಾಗುತ್ತದೆ. ಪೆಟ್ಟಿಗೆ ಹಸಿರು ದೀಪದೊಂದಿಗೆ ಕುಳಿತೇ ಇರುತ್ತದೆ. ಶುರುವಿನಲ್ಲಿ ಕಂಡದ್ದೇ ಮತ್ತೆ. ಕಳೆದುಹೋಗುವ ದಾರಿಯಲ್ಲಿ ಕೊನೆಯ ಸಂದೇಶ ತಲುಪಿತೆಂಬ ಖಾತರಿ ಎಷ್ಟು ‘ಸರಿ’ಗಳನ್ನು ಪೋಣಿಸಿದರೂ ಸಿಗದು. ಹಾಗಾಗಿ ಪೆಟ್ಟಿಗೆಯೇ ಆಗಾಗ ಕೇಳಬೇಕು. ಎಸ್‌ಐಪಿಗೂ ಇದು ಆಮೇಲೆ ಬೇಕಾಯಿತು. 2005ರ ಆರ್‌ಎಫ್‌ಸಿ 4028 ಕರೆಗೆ ಅವಧಿ ಹಾಕಿ, ಅದು ಮುಗಿಯುವ ಮೊದಲು ಕರೆಯನ್ನು ನವೀಕರಿಸುವ ಏರ್ಪಾಡನ್ನು ತಂದಿತು, ಶಿಫಾರಸು ಮಾಡಿದ ಅವಧಿ 1,800 ಸೆಕೆಂಡ್, ಕನಿಷ್ಠ 90. ಬಾಗಿಲಲ್ಲಿ ಅರ್ಧ ಗಂಟೆ ಯಾರೂ ಮಾತಾಡುವುದಿಲ್ಲ, 90 ಸೆಕೆಂಡನ್ನೇ ಇಟ್ಟುಕೊಂಡೆ. ಪೆಟ್ಟಿಗೆ ಕೇಳಿದಾಗ ಎದುರಿನ ಫೋನ್ ಆ ಸಂಖ್ಯೆಯ ಕರೆಯಲ್ಲಿ ಇಲ್ಲದಿದ್ದರೆ, ಅಥವಾ ಉತ್ತರವೇ ಬಾರದಿದ್ದರೆ, ಪೆಟ್ಟಿಗೆ ಇಡುತ್ತದೆ. ಸೂತ್ರ ಗೆದ್ದಿತು, ತಲುಪದ ಸಾಲುಗಳ ಪಟ್ಟಿಯೂ ಬರಿದಾಗಿತ್ತು.

1990ರ ಜನವರಿ 15ರಂದು ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಜಾಲದ 114 ಸ್ವಿಚ್‌ಗಳು (ಕರೆ ಜೋಡಿಸುವ ಯಂತ್ರಗಳು) ಒಂದನ್ನೊಂದು ಬೀಳಿಸುತ್ತಾ ಸುಮಾರು ಒಂಬತ್ತು ಗಂಟೆ ದೂರದ ಕರೆಗಳನ್ನು ಕೆಡಿಸಿದ ಘಟನೆ ಈ ಕೆಲಸದುದ್ದಕ್ಕೂ ನನ್ನ ತಲೆಯಲ್ಲಿತ್ತು. ಸಿ ಭಾಷೆಯ ಒಂದು ಬ್ರೇಕ್ (ನಡೆಯುತ್ತಿರುವ ಭಾಗದಿಂದ ಹೊರಬೀಳುವ ಆಜ್ಞೆ) ತಪ್ಪು ಜಾಗದಲ್ಲಿತ್ತು. ಆದರೆ ಅದು ಕಾಣಿಸಿಕೊಳ್ಳಲು, ಪಕ್ಕದ ಸ್ವಿಚ್ ಚೇತರಿಸಿಕೊಂಡ ಸುದ್ದಿಯನ್ನು ಬರೆದುಕೊಳ್ಳುತ್ತಿರುವಾಗಲೇ ಅದರಿಂದ ಇನ್ನೊಂದು ಸಂದೇಶ ಬರಬೇಕಿತ್ತು. ಆ ಸಣ್ಣ ಸಂದಿಯನ್ನು ಮಾದರಿಗೆ ತರದಿದ್ದರೆ ಎಷ್ಟು ಹುಡುಕಿದರೂ ವ್ಯರ್ಥ.

ಮಾದರಿ ಸರಿಯಾದ ಮೇಲೆ ಮೂಲ ಪ್ರೋಗ್ರಾಂ ಬದಲಿಸಿದೆ. ಆರು ಸ್ಥಿತಿಗಳು, ಪ್ರತಿ ಸ್ಥಿತಿಯಲ್ಲಿ ಪ್ರತಿ ಸಂದೇಶಕ್ಕೂ ಒಂದು ಸಾಲು; ‘ಬಿಟ್ಟುಬಿಡು’ ಎಂದಿರುವಲ್ಲಿ ಏಕೆ ಬಿಡಬಹುದು ಎಂಬ ಟಿಪ್ಪಣಿ. ಪಟ್ಟಿಯಲ್ಲಿಲ್ಲದ ಯಾವುದು ಬಂದರೂ ಬಿಸಾಡುವ ಮೊದಲು ಲಾಗ್‌ನಲ್ಲಿ ಬರೆಯುತ್ತದೆ. ಕರೆ ಹೋಲ್ಡ್ ಮಾಡುವುದು, ಬೇರೆ ಫೋನಿಗೆ ವರ್ಗಾಯಿಸುವುದು ಇನ್ನೂ ಮಾದರಿಯಲ್ಲಿಲ್ಲ. ಅವು ಬರುವವರೆಗೆ ಪ್ರೋಗ್ರಾಂನಲ್ಲೂ ಇರುವುದಿಲ್ಲ.

ಹೊಸ ಪ್ರೋಗ್ರಾಂ ಹಾಕಿದ ಹನ್ನೊಂದನೆಯ ದಿನ ಲಾಗ್ ತೆರೆದಾಗ ಮೂರು ಸಾಲುಗಳು ಕಂಡವು. ಪೆಟ್ಟಿಗೆ: ಮಾತಿನ ಸ್ಥಿತಿಯಲ್ಲಿ ‘ರದ್ದು’ ಬಂತು, ಬಿಡಲಾಗಿದೆ. ಪೆಟ್ಟಿಗೆ: ‘ಮುಗಿಯಿತು’ ಬಂತು, ‘ಸರಿ’ ಕಳುಹಿಸಲಾಗಿದೆ. ಪೆಟ್ಟಿಗೆ: ಖಾಲಿ. ಮೂರೂ ಸಾಲುಗಳ ಮೇಲೆ ಒಂದೇ ಸೆಕೆಂಡಿನ ಮುದ್ರೆ ಇತ್ತು. ಬಾಗಿಲ ಬಳಿ ಹೋಗಿ ನೋಡಿದೆ, ಹಸಿರು ದೀಪ ಆರಿತ್ತು.